ಚಳಿಗಾಲದ ಪ್ರಸಾದ



ಕಾರ್ತಿಕದ ದೀಪಗಳು ಮುಗಿಯುವ ಹೊತ್ತಿಗೆ ನಮ್ಮ ನಾಡಿನಲ್ಲಿ ಚಳಿಯು ಮೆಲ್ಲನೆ ಕಾಲಿರಿಸುತ್ತದೆ. ಶರಣರು ನಡೆದಾಡಿದ ಕಲ್ಯಾಣವಿರುವ ಬೀದರ ಸೀಮೆಯಲ್ಲಿ ಅದರ ಬಿಗಿ ಇನ್ನೂ ಹೆಚ್ಚು. ಬೆಳಗಿನ ಜಾವ ಬಾಗಿಲು ತೆರೆದರೆ ಎರೆಹೊಲದ ಮೇಲೆ ಮಂಜು, ಜೋಳದ ಗರಿಯ ತುದಿಯಲ್ಲಿ ಇಬ್ಬನಿ. ಹಂಡೆಯ ಬಿಸಿನೀರಿನಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕುಳಿತಾಗ ಎಳೆಬಿಸಿಲು ಮೈಯನ್ನು ಸೋಂಕುತ್ತದೆ. ಪೂಜೆ ಮುಗಿದ ಬಳಿಕ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬೆಣ್ಣೆ, ಹೊಸ ಅವರೆಯ ಪಲ್ಯ. ಇವು ಸಿರಿವಂತರಿಗಷ್ಟೇ ಮೀಸಲಾದ ಸುಖಗಳಲ್ಲ.

ಇಂತಹ ಸುಖವನ್ನು ಭಕ್ತನು ಅನುಭವಿಸಬಹುದೆ ಎಂದು ಕೆಲವರು ಶಂಕಿಸುವುದುಂಟು. ಶರಣರ ಮಾರ್ಗವು ದೇಹವನ್ನು ಬಳಲಿಸುವ ಮಾರ್ಗವಲ್ಲ. ಲಿಂಗವನ್ನು ಧರಿಸಿದ ಕಾಯವು ಹೀನವೆನಿಸುವುದಾದರೂ ಹೇಗೆ? ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದುದು ಪ್ರಸಾದ. ನನ್ನದೆಂದು ಬಾಚಿಕೊಂಡುದು ಬರಿಯ ಭೋಗ. ರೊಟ್ಟಿ ಅದೇ, ಬಿಸಿಲು ಅದೇ. ಬದಲಾಗಬೇಕಾದುದು ನಮ್ಮ ಭಾವ.

ಆ ಭಾವವು ಬದಲಾಗಿದೆಯೆಂದು ತಿಳಿಯುವುದು ಹೇಗೆ? ನಾನು ಹೊದ್ದ ಕಂಬಳಿಯ ಬಿಸುಪು ಇನ್ನೊಬ್ಬನ ಚಳಿಯನ್ನು ನೆನಪಿಸಿದರೆ ಆ ಸುಖವು ಪ್ರಸಾದವಾಯಿತೆಂದು ತಿಳಿಯಬೇಕು. ನೆನಪಿಸದೆ ನಿದ್ದೆಯನ್ನಷ್ಟೇ ತಂದರೆ ಪೂಜೆಯು ಇನ್ನೂ ಅಂಗೈಯನ್ನು ದಾಟಿ ಹೃದಯಕ್ಕೆ ಇಳಿದಿಲ್ಲ.

12ನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಬಡತನದಲ್ಲಿದ್ದ ಆ ತಾಯಿಗೆ ಸಾಕೆಂಬುದರ ಅಳತೆ ತಿಳಿದಿತ್ತು. ನಮ್ಮ ಪೆಟ್ಟಿಗೆಯ ತಳದಲ್ಲಿ ವರ್ಷಗಳಿಂದ ಮಡಿಚಿಟ್ಟ ಕಂಬಳಿಗಳನ್ನು ಆಕೆ ಕಂಡಿದ್ದರೆ ಏನೆನ್ನುತ್ತಿದ್ದರು?

ನಮ್ಮ ಎರೆಭೂಮಿಯೂ ಇದೇ ಪಾಠವನ್ನು ಹೇಳುತ್ತದೆ. ಹಿಂಗಾರಿಯ ಬಿಳಿಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ಮುಂದೆ ಮಳೆ ವಿರಳ. ಆದರೂ ಪೈರು ಒಣಗದೆ ತೆನೆಗಟ್ಟುವುದೇಕೆ? ಕಪ್ಪು ಮಣ್ಣು ಮಳೆಗಾಲದ ಹಸಿಯನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲವಿಡೀ ಬೇರಿಗೆ ಉಣಿಸುತ್ತದೆ. ಮಣ್ಣು ಕೂಡಿಡುವುದು ತನಗಾಗಿ ಅಲ್ಲ. ಗೃಹಸ್ಥನ ಸಂಗ್ರಹವೂ ಹಾಗೆಯೇ ಇರಬೇಕು.

ಎಳ್ಳಮಾವಾಸ್ಯೆಯ ದಿನ ನಾವು ಸಜ್ಜೆಯ ಕಡುಬು, ಭಜ್ಜಿಪಲ್ಯ, ಅಂಬಲಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಬಳಿಕ ಬಂಧುಮಿತ್ರರೊಡನೆ ಕುಳಿತು ಉಣ್ಣುತ್ತೇವೆ. ಮೊದಲು ಕೊಟ್ಟು ಆಮೇಲೆ ಉಣ್ಣುವುದು ಎಂಥ ಸುಂದರವಾದ ಆಚಾರ! ಆದರೆ ಅದೇ ದಾರಿಯಲ್ಲಿ, ಕಬ್ಬಿನ ಗದ್ದೆಯ ಬದಿಗೆ, ಕಬ್ಬು ಕಡಿಯಲು ದೂರದ ಊರುಗಳಿಂದ ಬಂದ ಕೂಲಿಯವರ ಗುಡಿಸಲುಗಳಿರುತ್ತವೆ. ಚಳಿಗಾಲವು ನಮಗೆ ಬೆಚ್ಚಗಿನ ಕಾಲ. ಅವರಿಗೆ ನಸುಕಿನಲ್ಲೇ ಕುಡುಗೋಲು ಹಿಡಿಯುವ ಕಾಲ. ಅವರ ಮಕ್ಕಳು ಒಲೆಯ ಸುತ್ತ ಮುದುಡಿ ಕುಳಿತಿರುತ್ತವೆ. ನೆಲಕ್ಕೆ ಚೆಲ್ಲಿದ ಚರಗವು ಆ ಮಕ್ಕಳವರೆಗೆ ತಲುಪದಿದ್ದರೆ ನಮ್ಮ ಆಚಾರವು ಅರ್ಧದಾರಿಯಲ್ಲೇ ನಿಂತಿತೆಂದು ತಿಳಿಯಬೇಕು. ಆ ಗುಡಿಸಲಲ್ಲಿರುವವರೂ ಕಾಯಕಜೀವಿಗಳೇ. ಅವರಿಗೆ ಕೊಡುವುದನ್ನು ದಾನವೆಂದೆಣಿಸಿ ಬೀಗಬಾರದು, ಅದು ದಾಸೋಹ. ಕೊಟ್ಟೆನೆಂಬ ಅಹಂಕಾರ ಉಳಿದೆಡೆ ದಾಸೋಹವಿಲ್ಲ.

ಆದುದರಿಂದ, ಬಂಧುಗಳೇ, ಈ ಚಳಿಗಾಲದ ಸುಖಗಳನ್ನು ಸಂಕೋಚವಿಲ್ಲದೆ ಸವಿಯಿರಿ. ಎಳೆಬಿಸಿಲಿಗೆ ಮೈಯೊಡ್ಡಿರಿ; ಬಿಸಿರೊಟ್ಟಿಯನ್ನು ಲಿಂಗಕ್ಕರ್ಪಿಸಿ ಉಣ್ಣಿರಿ. ಆದರೆ ಇಂದು ಸಂಜೆ ಹೊತ್ತು ಮುಳುಗುವ ಮುನ್ನ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿರಿ. ಮಿಗಿಲಾದ ಒಂದು ಹೊದಿಕೆಯಿದ್ದರೆ ಅದನ್ನು ನೀವೇ ಕೈಯಾರೆ ಕೊಂಡೊಯ್ದು, ವಿನಯದಿಂದ ಕೊಟ್ಟು ಬನ್ನಿರಿ. ಆ ರಾತ್ರಿ ನೀವು ಹೊದ್ದ ಕಂಬಳಿಯು ಎಂದಿಗಿಂತ ಬೆಚ್ಚಗಿರುವುದನ್ನು ನೀವೇ ಕಾಣುವಿರಿ.

ಸರ್ವರಿಗೂ ಶಿವನು ಸನ್ಮಂಗಳವನ್ನುಂಟುಮಾಡಲಿ.