ಯಂತ್ರದ ವೇಗ, ಶ್ರಾವಕನ ಮಿತಿ

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದು ಹೇಳುವುದಕ್ಕೆ ಸುಲಭ, ಆಚರಣೆಗೆ ಸೂಕ್ಷ್ಮವಾದುದು. ಹೊಲ ಉಳುವುದು, ಅಡಿಗೆ ಮಾಡುವುದು, ಅಂಗಡಿ ನಡೆಸುವುದು, ಮನೆ ಕಟ್ಟುವುದು ಇವೇ ಮೊದಲಾದ ಕೆಲಸಗಳಲ್ಲಿ ಒದಗುವ ಆರಂಭೀ ಹಾಗೂ ಉದ್ಯೋಗೀ ಹಿಂಸೆಯನ್ನು ಶ್ರಾವಕನು ಪೂರ್ತಿಯಾಗಿ ಬಿಡಲಾರನೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಆದ್ದರಿಂದಲೇ ಅವರು ಅವನ ಮುಂದೆ ಬೇರೊಂದು ಪ್ರಶ್ನೆಯನ್ನಿಟ್ಟರು: ಯಾವ ಪ್ರಯೋಜನವೂ ಇಲ್ಲದೆ ನಡೆಯುವ ಹಿಂಸೆಯನ್ನಾದರೂ ನಿಲ್ಲಿಸಬಾರದೇಕೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಒಂದಾದ ಪ್ರಮಾದಚರ್ಯೆಯಲ್ಲಿ, ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ವ್ಯರ್ಥಗೊಳಿಸುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಬೀಸುವುದು ಸೇರಿವೆ. ಪೃಥ್ವೀ, ಅಪ್, ತೇಜಸ್ಸು, ವಾಯು ಎಂಬ ನಾಲ್ಕು ಕಾಯಗಳ ಜೀವಗಳನ್ನು ಕುರಿತ ಎಚ್ಚರವಿದು.

ಈ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುವ ಹವ್ಯಾಸವೊಂದು ಇಂದು ಮನೆಗಳಿಗೆ ಬಂದಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕುಟುಂಬಗಳ ಮಕ್ಕಳು ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳಲ್ಲಿ ತಾಂತ್ರಿಕ ವಿದ್ಯೆ ಕಲಿಯುತ್ತಾರೆ. ಅವರಲ್ಲಿ ಕೆಲವರಿಗೆ ಬಿಡಿಭಾಗಗಳನ್ನು ತಂದು ಆಟದ ಕಂಪ್ಯೂಟರನ್ನು ತಾವೇ ಜೋಡಿಸುವ ಆಸಕ್ತಿ ಹುಟ್ಟುತ್ತದೆ. ಅನಂತರ ತಯಾರಕರು ನಿಗದಿಮಾಡಿದ ವೇಗಕ್ಕಿಂತ ಮಿಗಿಲಾಗಿ ಅದರ ಪ್ರೊಸೆಸರನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಓಡಿಸುವ ಹಂಬಲ ಬೆಳೆಯುತ್ತದೆ. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ವೇಗ ಹೆಚ್ಚಿದಂತೆ ಕಾವು ಹೆಚ್ಚುತ್ತದೆ. ಕಾವನ್ನು ಇಳಿಸಲು ದೊಡ್ಡ ಫ್ಯಾನುಗಳು, ತಾಮ್ರದ ಕೊಳವೆಗಳು, ನೀರು ಹರಿಸುವ ಪಂಪು ಬರುತ್ತವೆ. ಮಗನಿಗೆ ಇದು ವಿದ್ಯೆ, ತಂದೆಗೆ ಇದು ದುಂದು. ಧರ್ಮದ ದೃಷ್ಟಿಯಿಂದ ಇದು ಏನು ಎಂಬುದು ವಿಚಾರಣೀಯ.

ಮೊದಲು ಒಂದು ಭ್ರಮೆಯನ್ನು ಬಿಡಿಸಿಕೊಳ್ಳಬೇಕು. ಶಕ್ತಿಮೀರಿ ದುಡಿಸುವುದು ಎಂದೊಡನೆ ಅತಿಭಾರಾರೋಪಣ ನೆನಪಾಗುವುದು ಸಹಜ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅದನ್ನು ಎಣಿಸಿದೆ. ಹತ್ತಿಯನ್ನೋ ಗೋವಿನಜೋಳವನ್ನೋ ಚಕ್ಕಡಿಯ ತುಂಬ ಹೇರಿ ಬಸವಳಿದ ಎತ್ತಿಗೆ ಬಾರುಕೋಲು ಬೀಸುವವನು ಈ ದೋಷಕ್ಕೆ ಗುರಿಯಾಗುತ್ತಾನೆ. ಆದರೆ ಪ್ರೊಸೆಸರು ಅಜೀವ. ಅದು ನೋಯುವುದಿಲ್ಲ, ದಣಿಯುವುದಿಲ್ಲ. ಆದ್ದರಿಂದ ಯಂತ್ರಕ್ಕಾಗಿ ಮರುಗುವುದು ಅಹಿಂಸೆಯಲ್ಲ. ಯಂತ್ರವು ಅಜೀವಾಧಿಕರಣ, ಅಂದರೆ ಕರ್ಮಾಸ್ರವಕ್ಕೆ ಆಧಾರವಾಗುವ ನಿರ್ಜೀವ ವಸ್ತು. ದೋಷವಿದ್ದರೆ ಅದನ್ನು ಹುಡುಕಬೇಕಾದುದು ಯಂತ್ರದಲ್ಲಲ್ಲ. ಅದರ ಸುತ್ತಲಿನ ಜೀವರಾಶಿಯಲ್ಲಿ ಮತ್ತು ಅದನ್ನು ಓಡಿಸುವವನ ಭಾವದಲ್ಲಿ.

ಕಾವಿನ ಲೆಕ್ಕವನ್ನು ನೋಡಬಹುದು. ಪ್ರೊಸೆಸರು ಕೆಲಸ ಮಾಡುವಾಗ ಬಳಸುವ ಶಕ್ತಿಯು ಅದರ ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇಕಡಾ 20ರಷ್ಟು ಹೆಚ್ಚಿಸಲು ವೋಲ್ಟೇಜನ್ನು ಶೇಕಡಾ 10ರಷ್ಟು ಏರಿಸಿದರೆ, ವ್ಯಯವಾಗುವ ಶಕ್ತಿ ಸುಮಾರು ಶೇಕಡಾ 45ರಷ್ಟು ಹೆಚ್ಚುತ್ತದೆ. 150 ವಾಟ್ ಬೇಡುತ್ತಿದ್ದುದು 218 ವಾಟ್ ಬೇಡುತ್ತದೆ. ಲಾಭ ಐದನೆಯ ಒಂದು ಭಾಗ, ಕಾವು ಹೆಚ್ಚುಕಡಿಮೆ ಅರ್ಧದಷ್ಟು ಅಧಿಕ. ಇಂದಿನ ಪ್ರೊಸೆಸರುಗಳನ್ನು ತಯಾರಕರೇ ಮಿತಿಯ ಸಮೀಪಕ್ಕೆ ಒಯ್ದು ಮಾರುವುದರಿಂದ ಬಹುಪಾಲು ಸಂದರ್ಭಗಳಲ್ಲಿ ಅಷ್ಟು ಲಾಭವೂ ದೊರೆಯುವುದಿಲ್ಲ.

ಈ ಕಾವು ಎಲ್ಲಿಂದ ಬರುತ್ತದೆ? ಕರ್ನಾಟಕದ ಮನೆಯ ವಿದ್ಯುತ್ತಿನಲ್ಲಿ ಶರಾವತಿಯ ನೀರಿದೆ, ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲಿದೆ, ಗದಗ ಸೀಮೆಯ ಗಾಳಿಯಂತ್ರಗಳಿವೆ. ತಾಮ್ರ, ಬಂಗಾರ, ಸಿಲಿಕಾನ್ ನೆಲವನ್ನು ಅಗೆದು ತೆಗೆದವು. ವಿದ್ಯುತ್ತು ಸ್ವತಃ ಸಚಿತ್ತ ತೇಜಸ್ಕಾಯವೇ ಅಲ್ಲವೇ ಎಂಬಲ್ಲಿ ಮತಭೇದವಿದೆ. ತೇರಾಪಂಥದ ವಿದ್ವಾಂಸ ಮುನಿಗಳು ಅದು ಅಚಿತ್ತವೆಂದು ಪ್ರತಿಪಾದಿಸಿದ್ದಾರೆ, ಬೇರೆ ಪರಂಪರೆಗಳಲ್ಲಿ ಅನೇಕರು ಸಚಿತ್ತವೆಂದು ಭಾವಿಸುತ್ತಾರೆ. ಆ ವಾದ ಹೇಗೇ ತೀರ್ಮಾನವಾಗಲಿ, ಅದರ ಉತ್ಪಾದನೆಯಲ್ಲಿ ಬೆಂಕಿ ನೀರುಗಳ ಆರಂಭವಿದೆ ಎಂಬುದರಲ್ಲಿ ಸಂಶಯವಿಲ್ಲ.

ತಂಪುಗೊಳಿಸುವ ಉಪಾಯಗಳಲ್ಲಿಯೂ ವಿವೇಕ ಬೇಕು. ಹವ್ಯಾಸಿಗಳು ತಾವೇ ಜೋಡಿಸುವ ನೀರಿನ ಕೊಳವೆಗಳಲ್ಲಿ ಕೆಲವು ತಿಂಗಳುಗಳಲ್ಲಿ ಪಾಚಿ ಬೆಳೆಯುವುದುಂಟು. ಅದನ್ನು ತಡೆಯಲು ಶುದ್ಧೀಕರಿಸಿದ ನೀರಿಗೆ ಜೀವನಾಶಕ ದ್ರಾವಣವನ್ನು ಬೆರೆಸುತ್ತಾರೆ. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಆಟದ ಯಂತ್ರಕ್ಕಾಗಿ ನೀರಿಗೆ ವಿಷ ಬೆರೆಸುವುದು ಯೋಚಿಸಬೇಕಾದ ಸಂಗತಿ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಹುಳುಗಳು ಈ ಪೆಟ್ಟಿಗೆಗಳ ಬಣ್ಣದ ದೀಪಗಳಿಗೂ ಮುತ್ತುತ್ತವೆ. ಜಾಳಿಗೆಯಿಲ್ಲದ ಫ್ಯಾನು ಅವುಗಳನ್ನು ಒಳಗೆಳೆಯುತ್ತದೆ. ರಾತ್ರಿಭೋಜನ ತ್ಯಾಗದ ಹಿಂದಿನ ಕರುಣೆಯನ್ನು ಅರಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟರಿಂದ ತರುಣನನ್ನು ಅಪರಾಧಿಯೆಂದು ನಿರ್ಣಯಿಸುವುದು ಅವಸರವಾದೀತು. ಅವನ ಪಕ್ಷದಲ್ಲಿಯೂ ಬಲವಾದ ಮಾತಿದೆ. ದಿನಕ್ಕೆ ನಾಲ್ಕು ತಾಸು ಆಡಿದರೂ ಹೆಚ್ಚುವರಿ 68 ವಾಟ್‌ಗಳಿಂದ ತಿಂಗಳಿಗೆ ಎಂಟು ಯೂನಿಟ್ ಮಾತ್ರ ಖರ್ಚಾಗುತ್ತದೆ. ಹೊಲದ ಐದು ಅಶ್ವಶಕ್ತಿಯ ಪಂಪ್‌ಸೆಟ್ಟು ಎರಡೂವರೆ ತಾಸಿನೊಳಗೆ ಅಷ್ಟನ್ನು ಮುಗಿಸುತ್ತದೆ. ಓವರ್‌ಕ್ಲಾಕಿಂಗ್ ಮಿತವ್ಯಯದ ದಾರಿಯಾಗಿದ್ದ ಕಾಲವೂ ಉಂಟು. 1998ರಲ್ಲಿ ಬಂದ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು 300 ಮೆಗಾಹರ್ಟ್ಸ್ ವೇಗದ್ದು. ಅನೇಕರು ಅದನ್ನು 450 ಮೆಗಾಹರ್ಟ್ಸ್ ವೇಗದಲ್ಲಿ ನೆಮ್ಮದಿಯಾಗಿ ಓಡಿಸಿ, ದುಬಾರಿ ಯಂತ್ರ ಕೊಳ್ಳಲಾರದವರೂ ಅದರ ಸಮೀಪದ ಫಲ ಪಡೆದರು. ಇದ್ದುದರಿಂದಲೇ ಹೆಚ್ಚು ಕೆಲಸ ತೆಗೆದು ಹೊಸದನ್ನು ಕೊಳ್ಳದಿರುವುದು ಅಪರಿಗ್ರಹಕ್ಕೆ ವಿರುದ್ಧವಲ್ಲ. ವಿನೋದವೂ ಗೃಹಸ್ಥನಿಗೆ ಪೂರ್ತಿಯಾಗಿ ನಿಷಿದ್ಧವಲ್ಲ. ಭೋಗೋಪಭೋಗ ಪರಿಮಾಣವ್ರತವು ಭೋಗಕ್ಕೆ ಪರಿಮಾಣವನ್ನು ಬೇಡುತ್ತದೆಯೇ ಹೊರತು ಅದರ ಅಭಾವವನ್ನಲ್ಲ.

ಪಂಪ್‌ಸೆಟ್ಟಿನ ಹೋಲಿಕೆಯೇ ಪ್ರಶ್ನೆಯನ್ನು ಸ್ಪಷ್ಟಪಡಿಸುತ್ತದೆ. ಪಂಪ್‌ಸೆಟ್ಟಿಗೆ ಕೊನೆಯಿದೆ. ಪಾತಿಗೆ ನೀರು ತುಂಬಿದೊಡನೆ ರೈತನು ಅದನ್ನು ನಿಲ್ಲಿಸುತ್ತಾನೆ. ಪ್ರಯೋಜನವೇ ಅಲ್ಲಿ ಮಿತಿಯನ್ನು ಹೇಳುತ್ತದೆ. ಓವರ್‌ಕ್ಲಾಕಿಂಗಿನ ಕ್ರಮ ಬೇರೆ. ವೇಗವನ್ನು ತುಸು ಏರಿಸುವುದು, ಪರೀಕ್ಷಿಸುವುದು, ಇನ್ನೂ ಏರಿಸುವುದು. ಯಂತ್ರ ತಡವರಿಸಿ ನಿಂತುಹೋದಾಗ ಒಂದು ಮೆಟ್ಟಿಲು ಇಳಿಯುವುದು. ಇಲ್ಲಿ ಮಿತಿ ತಿಳಿಯುವುದು ಅದನ್ನು ಮುರಿದ ಮೇಲೆ. ಒಳ್ಳೆಯ ಫ್ಯಾನು ತಂದರೆ ಆ ಮಿತಿ ಇನ್ನೊಂದಿಷ್ಟು ಮುಂದಕ್ಕೆ ಸರಿಯುತ್ತದೆ, ನೀರಿನ ವ್ಯವಸ್ಥೆ ತಂದರೆ ಮತ್ತೊಂದಿಷ್ಟು. ದಾಖಲೆಗಾಗಿ ಸೆಣಸುವವರು ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನೂ ಅದಕ್ಕಿಂತ ತಣ್ಣನೆಯ ದ್ರವ ಹೀಲಿಯಮನ್ನೂ ಸುರಿದು, 2022ರಲ್ಲಿ ಒಂಬತ್ತು ಗಿಗಾಹರ್ಟ್ಸ್ ವೇಗವನ್ನು ದಾಟಿಸಿದರು. ಅಂಥ ಸ್ಥಿತಿಯಲ್ಲಿ ಯಂತ್ರವು ನಿತ್ಯದ ಕೆಲಸಕ್ಕೆ ಒದಗುವುದಿಲ್ಲ; ಪರದೆಯ ಮೇಲೆ ಒಂದು ಸಂಖ್ಯೆಯನ್ನು ತೋರಿಸುತ್ತದೆ, ಅಷ್ಟೆ. ಆಟಕ್ಕಾಗಿ ವೇಗ ಎಂದು ಆರಂಭವಾದುದು ವೇಗಕ್ಕಾಗಿ ವೇಗ ಎಂಬಲ್ಲಿಗೆ ಮುಟ್ಟಿತು.

ವ್ರತದ ಕ್ರಮ ಇದಕ್ಕೆ ವಿರುದ್ಧವಾದುದು. ವ್ರತಿಯು ಮಿತಿಯನ್ನು ಮೊದಲೇ ಇಟ್ಟುಕೊಳ್ಳುತ್ತಾನೆ, ಇನ್ನೂ ಮುಂದೆ ಹೋಗುವ ಶಕ್ತಿಯಿರುವಾಗಲೇ ನಿಲ್ಲುತ್ತಾನೆ. ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ಶಿಗ್ಗಾವಿ ತಾಲೂಕಿನ ಬಂಕಾಪುರವು ಗುಣಭದ್ರಾಚಾರ್ಯರ ಉತ್ತರಪುರಾಣದ ಕಾಲದಿಂದ ಜೈನ ವಿದ್ಯೆಯ ನೆಲೆ. ಅನೇಕ ಯುದ್ಧಗಳನ್ನು ಗೆದ್ದ ಗಂಗದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, 974ರ ಸುಮಾರಿಗೆ ಅದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನು ಆಚರಿಸಿ ದೇಹಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಸಲ್ಲೇಖನವು ಎಲ್ಲರಿಂದ ಆಗುವಂಥದಲ್ಲ. ಆದರೆ ಗೆದ್ದವನೂ ಸಾಕೆನ್ನಬಲ್ಲನೆಂಬ ಪಾಠವನ್ನು ಆ ನೆಲದವರು ಮರೆಯಬಾರದು.

ತಂಪುಗೊಳಿಸುವುದೆಂದರೆ ಕಾವನ್ನು ಇಲ್ಲವಾಗಿಸುವುದಲ್ಲ ಎಂಬುದನ್ನೂ ಗಮನಿಸಬೇಕು. ಹೀಟ್‌ಸಿಂಕ್ ಕಾವನ್ನು ಪ್ರೊಸೆಸರಿನಿಂದ ಗಾಳಿಗೆ ದಾಟಿಸುತ್ತದೆ, ಫ್ಯಾನು ಅದನ್ನು ಪೆಟ್ಟಿಗೆಯಿಂದ ಕೋಣೆಗೆ ದೂಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸವಣೂರಿನ ಕೋಣೆಯಲ್ಲಿ ಗಾಳಿಯೇ 36 ಡಿಗ್ರಿ ಇರುವಾಗ ಯಾವ ಫ್ಯಾನೂ ಪ್ರೊಸೆಸರನ್ನು ಅದಕ್ಕಿಂತ ತಂಪಾಗಿ ಇಡಲಾರದು. ಆಗ ಕೋಣೆಗೆ ಏಸಿ ಬೇಕೆನಿಸುತ್ತದೆ, ಏಸಿ ಆ ಕಾವನ್ನು ಓಣಿಗೆ ತಳ್ಳುತ್ತದೆ. ಕರ್ಮಸಿದ್ಧಾಂತದಲ್ಲಿ ಕಷಾಯಗಳ ಉಪಶಮಕ್ಕೂ ಕ್ಷಯಕ್ಕೂ ಇರುವ ಅಂತರವನ್ನು ಇದು ನೆನಪಿಸುತ್ತದೆ. ಕೆಸರು ತಳದಲ್ಲಿ ಕುಳಿತ ನೀರು ತಿಳಿಯಾಗಿ ಕಾಣುತ್ತದೆ, ಕಲಕಿದೊಡನೆ ಮತ್ತೆ ರಾಡಿಯಾಗುತ್ತದೆ. ಉಪಶಮಶ್ರೇಣಿಯನ್ನೇರಿದ ಮುನಿಯೂ ಹನ್ನೊಂದನೆಯ ಗುಣಸ್ಥಾನದಿಂದ ಜಾರುತ್ತಾನೆ. ಒಂದು ಹೊಸ ಫ್ಯಾನು ಕೊಂಡು ತಣಿಸಿದ ಆಸೆಯೂ ಅಂಥದೇ. ಮಾರುಕಟ್ಟೆಗೆ ಮುಂದಿನ ಮಾದರಿ ಬರುವವರೆಗೆ ಮಾತ್ರ ಅದು ತಳದಲ್ಲಿರುತ್ತದೆ.

ಹಿರಿಯರು ಈ ಮಾತನ್ನು ಮಕ್ಕಳಿಗೆ ಹೇಳುವ ಮೊದಲು ತಮ್ಮ ಕಡೆಗೂ ನೋಡಿಕೊಳ್ಳುವುದು ನ್ಯಾಯ. ಮಗನ ಎಂಟು ಯೂನಿಟ್ಟಿಗೆ ಸಿಡುಕುವ ತಂದೆಯೇ ಮದುವೆಯ ಹಂದರಕ್ಕೆ ಸಾವಿರಾರು ಬಲ್ಬುಗಳನ್ನು ರಾತ್ರಿಯಿಡೀ ಉರಿಸಿದರೆ, ಮಗನು ಕಲಿಯುವುದು ಬೈಗಳನ್ನಲ್ಲ, ಬಲ್ಬುಗಳನ್ನು. ಮಹಾವೀರ ಜಯಂತಿಯಲ್ಲಿ ಬಸದಿಗೆ ಮಾಡುವ ದೀಪಾಲಂಕಾರಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ: ಭಕ್ತಿಗೆ ಎಷ್ಟು, ಪೈಪೋಟಿಗೆ ಎಷ್ಟು? ಮೊದಲು ವಿದ್ಯುತ್ ಬಿಲ್ಲಾದರೂ ಒಂದು ಅಂಕೆಯಾಗಿತ್ತು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ತು ಉಚಿತವಾಯಿತು. ಬಡಕುಟುಂಬಕ್ಕೆ ಅದು ದೊಡ್ಡ ಆಸರೆ. ಉಳ್ಳವರ ಮನೆಯಲ್ಲಿ ಮಾತ್ರ ಹೊರಗಿನ ಅಂಕೆ ಸಡಿಲವಾದಷ್ಟೂ ಒಳಗಿನ ಅಂಕೆ ಬಿಗಿಯಾಗಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಬಲವಂತದ ನಿಷೇಧದಿಂದ ವ್ರತ ಹುಟ್ಟದು. ಕಿತ್ತುಕೊಂಡ ಯಂತ್ರವು ಮನಸ್ಸಿನಲ್ಲಿ ಇನ್ನೂ ವೇಗವಾಗಿ ಓಡುತ್ತದೆ. ವ್ರತವನ್ನು ತಾನೇ ಕೈಕೊಳ್ಳಬೇಕು, ತಿಳಿದು ಕೈಕೊಳ್ಳಬೇಕು. ಯಂತ್ರವನ್ನು ಬಿಚ್ಚಿ ಜೋಡಿಸುವ ತರುಣನಲ್ಲಿ ಅದಕ್ಕೆ ಬೇಕಾದ ಜಾಣ್ಮೆಯೂ ತಾಳ್ಮೆಯೂ ಈಗಾಗಲೇ ಇವೆ. ಆ ಜಾಣ್ಮೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಬಹುದು. ವೇಗವನ್ನು ಇದ್ದಂತೆಯೇ ಇರಿಸಿ ವೋಲ್ಟೇಜನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಇಳಿಸುವ ವಿಧಾನವೊಂದಿದೆ. ಹವ್ಯಾಸಿಗಳು ಅದನ್ನು ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ವೋಲ್ಟೇಜು ಶೇಕಡಾ 10ರಷ್ಟು ತಗ್ಗಿದರೆ ವ್ಯಯವಾಗುವ ಶಕ್ತಿ ಸುಮಾರು ಶೇಕಡಾ 19ರಷ್ಟು ತಗ್ಗುತ್ತದೆ. ಅದೇ 150 ವಾಟ್ 122ಕ್ಕೆ ಇಳಿಯುತ್ತದೆ, ಫ್ಯಾನು ನಿಧಾನವಾಗಿ ತಿರುಗುತ್ತದೆ, ಪಕ್ಕದ ಕೋಣೆಯಲ್ಲಿ ಸಾಮಾಯಿಕಕ್ಕೆ ಕುಳಿತ ಅಜ್ಜಿಗೂ ಅದರ ಸದ್ದು ಕೇಳಿಸದು. ಎಲ್ಲ ಪ್ರೊಸೆಸರುಗಳೂ ಒಂದೇ ಪ್ರಮಾಣದಲ್ಲಿ ಒಪ್ಪುವುದಿಲ್ಲ, ಪರೀಕ್ಷಿಸಿ ನೋಡಬೇಕು. ಕಲಿಕೆ ಅಷ್ಟೇ, ಕುಶಲತೆ ಅಷ್ಟೇ, ಆರಂಭ ಮಾತ್ರ ಕಡಿಮೆ.

ಆಡುವ ಆಟದ ವಿಷಯದಲ್ಲಿಯೂ ಆಯ್ಕೆ ಅವನದೇ. ಕೊಲ್ಲುವುದರಲ್ಲಿಯೇ ಹರ್ಷಪಡಿಸುವ ಆಟವು ಹಿಂಸಾನಂದ ರೌದ್ರಧ್ಯಾನಕ್ಕೆ ಸಮೀಪವಾದುದು. ವೇಗ ಎಷ್ಟೇ ಇರಲಿ ಆ ದೋಷ ತಪ್ಪದು. ಪೆಟ್ಟಿಗೆಗೆ ಸಣ್ಣ ಜಾಳಿಗೆ ಹಾಕಿಸಿ, ಮಳೆಗಾಲದಲ್ಲಿ ಬಣ್ಣದ ದೀಪಗಳನ್ನು ಆರಿಸಿ, ಧೂಳು ತೆಗೆಯುವ ಮುನ್ನ ಜೀವಜಂತುಗಳಿವೆಯೇ ಎಂದು ನೋಡಿ ಮೃದುವಾದ ಕುಂಚದಿಂದ ಸರಿಸುವುದು ಕಷ್ಟದ ಕೆಲಸವಲ್ಲ. ಬಸದಿಯ ಟ್ರಸ್ಟುಗಳು ತಾಳೆಗರಿಗಳ ಚಿತ್ರ ತೆಗೆದಿಡಲು ಶಕ್ತಿಯುತ ಕಂಪ್ಯೂಟರನ್ನು ಕೊಂಡರೆ ಅದು ಸಪ್ರಯೋಜನ. ಬರಿಯ ಲೆಕ್ಕಪತ್ರಕ್ಕೆ ಅಂಥದನ್ನು ಕೊಂಡರೆ ದಾನದ ಹಣ ವ್ಯರ್ಥವಾಗುತ್ತದೆ. ಆ ಕೆಲಸಕ್ಕೆ ಊರಿನ ತರುಣನು ಸರಿಪಡಿಸಿ ಕೊಟ್ಟ ಹಳೆಯ ಯಂತ್ರವೇ ಸಾಕು. ಅವನ ವಿದ್ಯೆಗೂ ಅದರಿಂದ ಮನ್ನಣೆ ದೊರೆಯುತ್ತದೆ.

ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಉತ್ತಮ ಸಂಯಮ, ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳನ್ನು ಕುರಿತ ಪ್ರವಚನಗಳು ನಡೆಯುತ್ತವೆ. ಆ ದಿನಗಳಲ್ಲಿ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಮುಂದಿನ ವರ್ಷದ ಪರಿಮಾಣವನ್ನು ಒಂದು ಹಾಳೆಯಲ್ಲಿ ಬರೆಯಲಿ. ಮಗನು ಆಟದ ತಾಸುಗಳನ್ನೂ ಯಂತ್ರದ ವಾಟ್‌ಗಳನ್ನೂ ಬರೆಯಲಿ. ತಂದೆಯು ಹಂದರದ ದೀಪಗಳನ್ನೂ ಓಡಾಟದ ವಾಹನವನ್ನೂ, ತಾಯಿಯು ಸೀರೆ ಬಂಗಾರಗಳನ್ನೂ ಬರೆಯಲಿ. ಆ ಹಾಳೆಯಲ್ಲಿ ಹಿರಿಯರ ಸಾಲುಗಳು ಮೊದಲು ಬರಲಿ.