ಏಣಿಯೂ ಪೂರ್ವಾಶ್ರಯವೂ



ಜಾತಿಗಳ ಏಳುಬೀಳುಗಳನ್ನು ಕುರಿತು ಈಚಿನ ವಿದ್ವಾಂಸರು ಸಮಾಜಶಾಸ್ತ್ರವೆಂಬ ಶಾಸ್ತ್ರವನ್ನು ಬೆಳೆಸಿರುವರು. ಇದು ಕಾಲೇಜಿನವರ ವಿಷಯ, ಲಿಂಗಪೂಜಕರಾದ ನಮಗೇಕೆ ಎನ್ನುವವರು ನಮ್ಮಲ್ಲಿ ಉಂಟು. ಆದರೆ ಆ ಶಾಸ್ತ್ರವು ನಮ್ಮ ಸಮಾಜವನ್ನೇ ಹೆಸರಿಸಿ ಮಾತನಾಡಿರುವಾಗ ಕಿವಿಗೊಡದಿರುವುದು ಯುಕ್ತವಲ್ಲ.

ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಸಂಸ್ಕೃತೀಕರಣ’ವೆಂಬ ಸಿದ್ಧಾಂತವನ್ನು ಮಂಡಿಸಿದರು. ಕೀಳೆಂದು ಎಣಿಸಲ್ಪಟ್ಟ ಜಾತಿಯೊಂದು ಮದ್ಯಮಾಂಸಗಳನ್ನು ತೊರೆದು, ಮೇಲಿನವರ ಆಚಾರ, ಪೂಜೆ, ನಡೆನುಡಿಗಳನ್ನು ಕೈಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಪಡೆಯಲು ಯತ್ನಿಸುವುದೇ ಅದರ ಸಾರ. ಮೊದಲು ಅವರು ಇದನ್ನು ಬ್ರಾಹ್ಮಣೀಕರಣವೆಂದು ಕರೆಯುತ್ತಿದ್ದರು; ಎಲ್ಲೆಡೆಯೂ ಬ್ರಾಹ್ಮಣರೇ ಮಾದರಿಯಲ್ಲವೆಂದು ಕಂಡು ಆ ಹೆಸರನ್ನು ಬಿಟ್ಟರು. ಯಾವ ಸೀಮೆಯಲ್ಲಿ ಯಾವ ಜಾತಿಗೆ ಜನಬಲ, ಭೂಮಿ, ವಿದ್ಯೆ, ಅಧಿಕಾರಗಳು ಕೂಡಿಬಂದಿವೆಯೋ ಅದನ್ನು ಅವರು ‘ಪ್ರಬಲ ಜಾತಿ’ಯೆಂದು ಕರೆದರು. ಅಲ್ಲಿಯ ಉಳಿದವರು ಆ ಜಾತಿಯನ್ನು ನೋಡಿಯೇ ನಡೆಯುವರು. ಕನ್ನಡನಾಡಿನ ಕೆಳಜಾತಿಗಳ ಆಚಾರಗಳು ಮಾರ್ಪಟ್ಟುದರಲ್ಲಿ ಲಿಂಗಾಯತರ ಪ್ರಭಾವವು ಬಲವಾದುದೆಂದು ಶ್ರೀನಿವಾಸರು 1950ರ ದಶಕದಲ್ಲಿಯೇ ಬರೆದಿರುವರು.

(ಇವರು 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಭ್ಯಾಸ ಮಾಡಿದರು. ಕ್ರಮಪಡಿಸಿದ್ದ ಟಿಪ್ಪಣಿಗಳೆಲ್ಲ 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದುವು. ಬಹುಮಟ್ಟಿಗೆ ನೆನಪಿನಿಂದಲೇ ಗ್ರಂಥವನ್ನು ರಚಿಸಿ 1976ರಲ್ಲಿ ಪ್ರಕಟಿಸಿದರು. ಕಂಠಪಾಠಕ್ಕೆ ಬೇಸರಪಡುವ ಮಕ್ಕಳಿಗೆ ನಾನು ಇದನ್ನು ಹೇಳುವುದುಂಟು.)

ಈ ಸಿದ್ಧಾಂತದಲ್ಲಿ ಒಂದು ಸೂಕ್ಷ್ಮವಿದೆ. ಏಣಿಯ ಮೇಲೆ ಒಬ್ಬನು ಒಂದು ಮೆಟ್ಟಿಲು ಏರಿದರೆ ಅವನ ಸ್ಥಾನ ಬದಲಾಗುವುದು, ಏಣಿಯು ನಿಂತಂತೆಯೇ ನಿಂತಿರುವುದು. ಶ್ರೀನಿವಾಸರೂ ಇದನ್ನು ಒಪ್ಪಿರುವರು. ಬದಲಾಗುವುದು ಆಯಾ ಜಾತಿಯ ಸ್ಥಾನವೇ ಹೊರತು ವ್ಯವಸ್ಥೆಯಲ್ಲವೆಂಬುದು ಅವರ ಅಭಿಪ್ರಾಯ. ಡಾ. ಅಂಬೇಡ್ಕರರು ಲಾಹೋರಿನ ಸಭೆಯೊಂದಕ್ಕಾಗಿ ಸಿದ್ಧಪಡಿಸಿ, ಆ ಸಭೆ ರದ್ದಾಗಲು 1936ರಲ್ಲಿ ತಾವೇ ಅಚ್ಚುಮಾಡಿಸಿದ ಭಾಷಣದಲ್ಲಿ ಇದರ ಬೇರನ್ನೇ ತೋರಿಸಿರುವರು. ಪ್ರತಿಯೊಂದು ಜಾತಿಗೂ ತನಗಿಂತ ಕೆಳಗೆ ಇನ್ನೊಂದಿದೆಯೆಂಬ ಸಮಾಧಾನವಿರುವುದರಿಂದ ಎಲ್ಲರೂ ಕೂಡಿ ಏಣಿಯನ್ನು ಕೆಡಹುವುದಿಲ್ಲ. ಇದಕ್ಕೆ ನಿಜವಾದ ಮದ್ದು ಜಾತಿ ಜಾತಿಗಳ ನಡುವಣ ವಿವಾಹವೇ ಎಂದು ಅವರು ನಿರ್ಧರಿಸಿದರು.

ಹನ್ನೆರಡನೆಯ ಶತಮಾನದ ಶರಣರು ಈ ಮದ್ದನ್ನು ಅರಿಯದವರಲ್ಲ. ಗುರುವು ಕರಸ್ಥಲಕ್ಕೆ ಲಿಂಗವನ್ನು ಕರುಣಿಸಿದ ಕ್ಷಣದಲ್ಲಿಯೇ ಪೂರ್ವಾಶ್ರಯವು ಅಳಿಯಿತು, ಆಮೇಲೆ ಅದನ್ನು ಎತ್ತಿ ಆಡುವುದು ಗುರುವಿಗೆ ಮಾಡಿದ ದ್ರೋಹ ಎಂಬುದು ಅವರ ನಿಲುವು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂಬ ಹೆಸರುಗಳಲ್ಲಿ ಕಸುಬು ಉಳಿದುದು ಕಾಯಕದ ಗೌರವವಾಗಿ. ಅದು ಪಂಕ್ತಿಯನ್ನು ಬೇರ್ಪಡಿಸುವ ಗುರುತಾಗಿರಲಿಲ್ಲ. ಏಣಿಯ ಮೇಲಿನ ಮೆಟ್ಟಿಲು ಅವರಿಗೆ ಬೇಕಿರಲಿಲ್ಲ, ಏಣಿಯೇ ಬೇಕಿರಲಿಲ್ಲ.

ಇನ್ನು ನನ್ನ ಮಾತು. ಏಳೆಂಟು ವರ್ಷಗಳ ಕೆಳಗೆ ಶ್ರಾವಣಮಾಸದ ಪ್ರವಚನದಲ್ಲಿ ಒಂದು ದಿನ ಹರಳಯ್ಯ ಮಧುವರಸರ ಚರಿತ್ರೆಯನ್ನು ಹೇಳಿದೆನು. ಚಮ್ಮಾರ ಕುಲದ ಮಗನಿಗೆ ಬ್ರಾಹ್ಮಣ ಕುಲದ ಮಗಳನ್ನು ಕೊಟ್ಟುದು, ಕಲ್ಯಾಣವು ಕೆರಳಿದುದು, ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾದುದು ಎಲ್ಲವನ್ನೂ ವಿಸ್ತರಿಸಿದೆನು. ಸಭೆಯಲ್ಲಿ ಅನೇಕರು ಕಣ್ಣೊರೆಸಿಕೊಂಡರು. ನನ್ನ ಕಂಠವೂ ಗದ್ಗದವಾಯಿತು.

ಪ್ರಸಾದವಾದ ಮೇಲೆ ಮಠಕ್ಕೆ ನಡೆದುಕೊಳ್ಳುವ ಗೃಹಸ್ಥರೊಬ್ಬರು ನನ್ನನ್ನು ಬದಿಗೆ ಕರೆದರು. “ಶಾಸ್ತ್ರಿಗಳೇ, ನಿಮ್ಮ ಪಾಠಶಾಲೆಯಲ್ಲಿ ಓದಿದ ಹುಡುಗನಿಗೆ ನಮ್ಮ ಹಿರಿಯ ಮಗಳನ್ನು ಕೇಳಿರುವರು. ಹುಡುಗ ಒಳ್ಳೆಯವನೇ. ಆದರೆ ಅವರು ಮೊದಲಿನಿಂದಲೂ ನಮ್ಮವರೇ ಏನು?” ಎಂದರು.

ಆ ಹುಡುಗನನ್ನು ನಾನು ಬಲ್ಲೆನು. ಅವನ ಅಜ್ಜನ ಕಾಲದಲ್ಲಿ ಆ ಮನೆತನಕ್ಕೆ ದೀಕ್ಷೆಯಾಯಿತು. ಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸುವುದನ್ನು ಅವನಿಗೆ ಕಲಿಸಿದವನು ನಾನೇ. ದೀಕ್ಷೆಯಾದವರ ಪೂರ್ವಾಶ್ರಯವನ್ನು ಕೇಳಬಾರದು ಎಂಬ ಒಂದೇ ಒಂದು ವಾಕ್ಯವನ್ನು ನಾನು ಹೇಳಬೇಕಾಗಿತ್ತು. ಗಂಟೆಗೆ ಮುಂಚೆ ಅದನ್ನೇ ಸಭೆಗೆ ಹೇಳಿದ್ದೆನು. ಹೇಳಿದುದು ಇಷ್ಟು: “ಹಿರಿಯರನ್ನು ಒಂದು ಮಾತು ವಿಚಾರಿಸಿ ನೋಡಿ, ಯಜಮಾನರೇ.” ಅವರಿಗೆ ಅಷ್ಟೇ ಸಾಕಾಯಿತು. ಸಂಬಂಧ ಮುರಿಯಿತು. ಹುಡುಗನು ಮುಂದಿನ ಜಾತ್ರೆಯಲ್ಲಿ ಬಂದು ನನ್ನ ಪಾದಕ್ಕೆರಗಿದನು, ಏನನ್ನೂ ಕೇಳಲಿಲ್ಲ.

ಶ್ರೀನಿವಾಸರ ಸಿದ್ಧಾಂತವನ್ನು ನಾನು ಓದಿದುದು ಇದಾದ ಮೇಲೆ. ಆಹಾರ, ಪೂಜೆ, ಮಾತು, ವಿಭೂತಿಧಾರಣ ಎಲ್ಲವನ್ನೂ ಆ ಮನೆತನವು ನಮ್ಮಿಂದ ಕಲಿಯಿತು. ದಾಸೋಹದ ಪಂಕ್ತಿಯಲ್ಲಿ ನಾವು ಜೊತೆಗೆ ಕುಳಿತೆವು. ಹೆಣ್ಣು ಕೊಡುವ ಮೆಟ್ಟಿಲಿನಲ್ಲಿ ಮಾತ್ರ ಏಣಿಯು ಗಟ್ಟಿಯಾಗಿ ನಿಂತಿತ್ತು, ಅದನ್ನು ಹಿಡಿದು ನಿಂತವನು ನಾನಾಗಿದ್ದೆನು. ಬಂಧುಗಳೇ, ಬೇರೆ ಬೇರೆ ಜಾತಿಯವರ ವಿವಾಹಕ್ಕೆ 1954ರ ವಿಶೇಷ ವಿವಾಹ ಕಾಯಿದೆಯು ದಾರಿ ಮಾಡಿಕೊಟ್ಟಿದೆ. ಆದರೆ ಒಂದೇ ಲಿಂಗವನ್ನು ಧರಿಸಿದ ಇಬ್ಬರು ಮನೆಗಳ ಒಪ್ಪಿಗೆಯಿಂದ ಮದುವೆಯಾಗಲು ಸರಕಾರದ ಕಾಯಿದೆ ಬೇಕಾದೀತೆಂದರೆ ನಾಚಿಕೆಯಾಗಬೇಕು.

ಇದಕ್ಕಿಂತಲೂ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಆ ಹುಡುಗನ ಬಳಗದವರೇ ಈಚೆಗೆ, ತಮ್ಮ ಅನಂತರ ದೀಕ್ಷೆ ಪಡೆದ ಮನೆಯೊಂದರ ಸಂಬಂಧವನ್ನು “ಅವರು ಹೊಸಬರು” ಎಂದು ನಿರಾಕರಿಸಿದರೆಂದು ಕೇಳಿದೆನು. ಅವರು ಈ ಮಾತನ್ನು ಎಲ್ಲಿ ಕಲಿತರು? ನಮ್ಮನ್ನು ನೋಡಿ ನಡೆಯುವವರು ನಮ್ಮ ಲಿಂಗಪೂಜೆಯನ್ನು ಮಾತ್ರ ಆರಿಸಿಕೊಂಡು ಕಲಿಯುವರೆಂದು ತಿಳಿದಿದ್ದೆವೇ? ನಾವು ಪಡಸಾಲೆಯಲ್ಲಿ ಧ್ವನಿಯನ್ನು ತಗ್ಗಿಸಿ ಕೇಳುವ ಪ್ರಶ್ನೆಯನ್ನೂ ಅವರು ಕಲಿತಿರುವರು.

ಆ ಗೃಹಸ್ಥರ ಕಿರಿಯ ಮಗಳಿಗೆ ಈಗ ಸಂಬಂಧಗಳು ಬರುತ್ತಿವೆ. ಬರುವ ಸೋಮವಾರ ಮನೆಗೆ ಬಂದು ಒಂದು ಮಾತು ಹೇಳಬೇಕೆಂದು ಹೇಳಿಕಳುಹಿಸಿರುವರು. ಈ ಸಂಚಿಕೆಯು ನಿಮ್ಮ ಕೈಸೇರುವ ವೇಳೆಗೆ ಹೋಗಿಬಂದಿರುವೆನು. ಅಂದು ಹೇಳದೆ ನುಂಗಿದ ವಾಕ್ಯವನ್ನು ಈ ಸಲ ಅವರು ಕೇಳುವ ಮೊದಲೇ, ಹುಡುಗಿಯ ಎದುರಿನಲ್ಲಿಯೇ ಹೇಳಬೇಕೆಂದಿರುವೆನು.