ಅಭ್ಯಾಸವೆಂಬ ಅತಿಥಿ

ಜೂನ್ ತಿಂಗಳಲ್ಲಿ ಕುವೈತ್ ಸಿಟಿಯ ಶರ್ಕ್ ಬಡಾವಣೆಯಲ್ಲಿ ಬೆಳಗಿನ ಮೊದಲ ಅಜಾನ್ ಮೂರೂಕಾಲರ ಆಸುಪಾಸಿಗೆ ಕೇಳಿಸುತ್ತದೆ. ಐದರೊಳಗೆ ಸೂರ್ಯ ಹುಟ್ಟಿರುತ್ತಾನೆ, ಏಳಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ. ಇಲ್ಲಿಗೆ ಬಂದ ಮೇಲೆ ನನ್ನ ಯೋಗಾಭ್ಯಾಸದ ವೇಳೆ ಆ ಅಜಾನ್‌ಗೂ ಆಫೀಸಿಗೆ ಹೊರಡುವ ಗಡಿಬಿಡಿಗೂ ನಡುವೆ ನೆಲೆಯೂರಿದೆ. ಮಂಚಕ್ಕೂ ಬೀರುವಿಗೂ ಮಧ್ಯೆ ಒಂದು ಚಾಪೆ ಹಿಡಿಸುವಷ್ಟು ಜಾಗ ಇದೆ. ಗುರುಗಳಿಲ್ಲ, ಜೊತೆಗಾರರಿಲ್ಲ. ಇವತ್ತು ಬಿಟ್ಟರೆ ಯಾಕೆ ಬಿಟ್ಟೆ ಎಂದು ಕೇಳುವವರೂ ಇಲ್ಲ. ಮನೆಯಲ್ಲಿ ಒಬ್ಬರೇ ಯೋಗ ಮಾಡಹೊರಟ ಎಲ್ಲರಿಗೂ ಕಷ್ಟವಾಗುವುದು ಇದೇ. ಮುಂದಕ್ಕೆ ಬಾಗಿದರೆ ಕೈ ನೆಲಕ್ಕೆ ತಾಗದಿರುವುದು ಅಷ್ಟು ದೊಡ್ಡ ಸಂಗತಿಯಲ್ಲ. ನಾಳೆಯೂ ಚಾಪೆ ಬಿಚ್ಚುವಂತೆ ಮಾಡುವುದು ಯಾವುದು ಎನ್ನುವುದೇ ನಿಜವಾದ ಪ್ರಶ್ನೆ.

ಪತಂಜಲಿಯ ಯೋಗಸೂತ್ರದಲ್ಲಿ ಇದಕ್ಕೆ ಉತ್ತರವಿದೆ. ಆ ಉತ್ತರದ ಹೆಸರು ‘ಅಭ್ಯಾಸ’.

ಕನ್ನಡದಲ್ಲಿ ಈ ಮಾತಿಗೆ ಎರಡು ಮುಖ. ‘ಅವನಿಗೆ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿಯುವ ಅಭ್ಯಾಸ’ ಎನ್ನುತ್ತೇವೆ, ‘ಸಂಗೀತಾಭ್ಯಾಸ ನಡೀತಿದೆ’ ಎಂದೂ ಅನ್ನುತ್ತೇವೆ. ಮೊದಲನೆಯದು ನಮ್ಮ ಗಮನ ಬೇಡದೆಯೇ ನಡೆದುಹೋಗುತ್ತದೆ. ಎರಡನೆಯದು ಗಮನ ತಪ್ಪಿದ ಗಳಿಗೆಯಲ್ಲೇ ನಿಂತುಹೋಗುತ್ತದೆ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಧೈರ್ಯ ಹೇಳುವವರು ಮೊದಲನೆಯ ಅರ್ಥದಲ್ಲಿ ಮಾತಾಡುತ್ತಿರುತ್ತಾರೆ. ಪತಂಜಲಿ ಹೇಳುವುದು ಎರಡನೆಯದನ್ನು. ಮೈಗೆ ರೂಢಿಯಾಗಿ ತಾನಾಗಿ ನಡೆಯುವ ಸೂರ್ಯನಮಸ್ಕಾರ, ಮನಸ್ಸು ಮಾರುಕಟ್ಟೆಯಲ್ಲಿ ಅಲೆಯುತ್ತಿದ್ದರೆ, ಒಳ್ಳೆಯ ರೂಢಿಯೇನೋ ಹೌದು. ಅವನು ಹೇಳುವ ಅಭ್ಯಾಸ ಮಾತ್ರ ಅಲ್ಲ.

ಹಾಗಾದರೆ ಯಾವುದು ಅಭ್ಯಾಸ? ಚಿತ್ತ ಒಂದು ಕಡೆ ನೆಲೆ ನಿಲ್ಲಲಿ ಎಂದು ಪಡುವ ಪ್ರಯತ್ನವೇ ಅಭ್ಯಾಸ ಎನ್ನುತ್ತಾನೆ ಪತಂಜಲಿ. ಗೆಲುವಾಗಲಿ ಫಲವಾಗಲಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಚಿತ್ತ ನಿಂತಿತೋ ಇಲ್ಲವೋ, ನಿಲ್ಲಲಿ ಎಂದು ಪಟ್ಟ ಪಾಡು ಲೆಕ್ಕಕ್ಕೆ ಬರುತ್ತದೆ. ಸೂತ್ರಗಳಿಗೆ ಭಾಷ್ಯ ಬರೆದ ವ್ಯಾಸ ಇನ್ನೊಂದು ಸೊಗಸಾದ ಮಾತು ಸೇರಿಸುತ್ತಾನೆ. ‘ಸ್ಥಿತಿ’ ಎಂದರೆ ಬಂಡೆಯ ಹಾಗೆ ಕೂರುವುದು ಎಂದು ನಾವು ತಿಳಿದಿರುತ್ತೇವೆ. ಅವನು ಅದನ್ನು ‘ಪ್ರಶಾಂತವಾಹಿತೆ’ ಎಂದು ಬಿಡಿಸುತ್ತಾನೆ, ಅಂದರೆ ಕಲಕದೆ ಶಾಂತವಾಗಿ ಹರಿಯುವುದು. ನಿಲ್ಲುವುದೆಂದರೆ ಹರಿಯದಿರುವುದಲ್ಲ, ತಿಳಿಯಾಗಿ ಹರಿಯುವುದು. ಮನಸ್ಸನ್ನು ಕಟ್ಟಿಹಾಕಲು ಹೋಗಿ ತಲೆನೋವು ತಂದುಕೊಂಡವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆಲ್ಲಿ ಸಿಕ್ಕೀತು?

ಯೋಗವೆಂದರೆ ಆಸನ ಎಂದುಕೊಂಡವರಿಗೆ ಇಲ್ಲೊಂದು ಅಚ್ಚರಿಯಿದೆ. ನೂರತೊಂಬತ್ತೈದು ಸೂತ್ರಗಳಲ್ಲಿ ಆಸನದ ಬಗ್ಗೆ ನೇರವಾಗಿ ಇರುವುದು ಮೂರೇ. ಕೂತ ಭಂಗಿ ಅಲುಗಬಾರದು, ಹಿಂಸೆಯೂ ಆಗಬಾರದು ಎಂಬುದೇ ಅವುಗಳ ಮುಖ್ಯ ಮಾತು. ಇಲ್ಲಿನ ಅಬ್ಬಾಸಿಯಾದಲ್ಲೋ ಮಂಗಫ್‌ನಲ್ಲೋ ಒಂದೇ ಕೋಣೆಯಲ್ಲಿ ನಾಲ್ಕು ಜನರ ನಡುವೆ ‘ಬೆಡ್ ಸ್ಪೇಸ್’ ಹಿಡಿದು ಬದುಕುವ, ಪಾಳಿಯ ಮೇಲೆ ದುಡಿಯುವ ನಮ್ಮ ಕರಾವಳಿಯ ಹುಡುಗರಿಗೆ ಈ ಮಾತು ಮುಟ್ಟಬೇಕು ಎಂದು ನನಗೆ ಬಹಳ ಆಸೆ. ಚಾಪೆ ಹಾಸಲು ನೆಲವಿಲ್ಲದಿದ್ದರೆ ಹಾಸಿಗೆಯ ಮೇಲೆ ಬೆನ್ನು ನೇರ ಮಾಡಿ ಕೂರಬಹುದು. ಹತ್ತು ನಿಮಿಷ ಉಸಿರನ್ನು ಗಮನಿಸುತ್ತಾ ಕೂತರೂ ಅದು ಅಭ್ಯಾಸವೇ.

ಅಭ್ಯಾಸದ ವ್ಯಾಖ್ಯೆಯ ಮುಂದಿನ ಸೂತ್ರದಲ್ಲಿ ಪತಂಜಲಿ ಮೂರು ಷರತ್ತು ಹಾಕುತ್ತಾನೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ಈ ಮೂರೂ ಕೂಡಿದರೆ ಅಭ್ಯಾಸ ‘ದೃಢಭೂಮಿ’ಯಾಗುತ್ತದೆ, ಅಂದರೆ ಗಟ್ಟಿನೆಲವಾಗುತ್ತದೆ. ನನಗೆ ಇದನ್ನು ಓದಿದಾಗಲೆಲ್ಲ ಊರಿನ ಕಣ ನೆನಪಾಗುತ್ತದೆ. ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಎಳೆದು, ಸಗಣಿ ಸಾರಿಸಿ, ಒಣಗಿದ ಮೇಲೆ ಮತ್ತೆ ಸಾರಿಸುತ್ತಿದ್ದರು. ಒಂದು ದಿನಕ್ಕೆ ಕಣ ಆಗುತ್ತಿರಲಿಲ್ಲ. ಆದ ಮೇಲೆ ಮಾತ್ರ ಎತ್ತು ತುಳಿದರೂ ಬಿರುಕು ಬಿಡುತ್ತಿರಲಿಲ್ಲ, ಕಾಳಿಗೆ ಮಣ್ಣು ಹತ್ತುತ್ತಿರಲಿಲ್ಲ. ವ್ಯಾಸ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ನೆಲ ಹೀಗೆ ಗಟ್ಟಿಯಾದರೆ ಹಳೆಯ ಸಂಸ್ಕಾರಗಳು ದಿಢೀರನೆ ಎದ್ದು ಅದನ್ನು ಕೆಡಿಸಲಾರವು.

ದೀರ್ಘಕಾಲದ ಬಗ್ಗೆ ಹೇಳುವುದೇನೂ ಹೆಚ್ಚಿಲ್ಲ, ಅದು ವರ್ಷಗಳ ಮಾತು. ನೈರಂತರ್ಯದಲ್ಲಿ ಮಾತ್ರ ನಾವು ಎಡವುತ್ತೇವೆ. ಇಲ್ಲಿ ಶುಕ್ರವಾರ ರಜೆ. ಅವತ್ತು ಒಂದೂವರೆ ಗಂಟೆ ಮಾಡಿ ಉಳಿದ ಆರು ದಿನ ಚಾಪೆ ಮುಟ್ಟದಿರುವುದು ಬಹಳ ಜನರ ಕ್ರಮ. ದಿನಾ ಹನ್ನೆರಡು ನಿಮಿಷ ಮಾಡುವುದು ಇದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನೈರಂತರ್ಯ ಎಂದರೆ ಹೇಗಿರುತ್ತದೆ ಎಂದು ಕುವೈತ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದಿನಕ್ಕೆ ಐದು ಹೊತ್ತು, ಸೂರ್ಯನ ಜೊತೆ ಹಿಂದೆ ಮುಂದೆ ಸರಿಯುವ ಗಳಿಗೆಗೆ ತಪ್ಪದೆ, ಅಂಗಡಿಯವರು, ಟ್ಯಾಕ್ಸಿಯವರು, ಆಫೀಸಿನ ಸಹೋದ್ಯೋಗಿಗಳು ಕೈಲಿದ್ದದ್ದನ್ನು ಬಿಟ್ಟು ಪ್ರಾರ್ಥನೆಗೆ ನಿಲ್ಲುವುದನ್ನು ಎಲ್ಲರೂ ನೋಡುತ್ತೇವೆ. ಅವರು ಅವತ್ತು ಮನಸ್ಸಿದೆಯೇ ಎಂದು ತಮ್ಮನ್ನು ಕೇಳಿಕೊಂಡು ಏಳುವುದಿಲ್ಲ. ಹೊತ್ತಾಯಿತು, ಏಳುತ್ತಾರೆ.

ಮೂರನೆಯದು ಸತ್ಕಾರ. ಮೂರರಲ್ಲಿ ಹೆಚ್ಚು ಕಡೆಗಣಿಸಲ್ಪಟ್ಟದ್ದು ಇದೇ, ನನಗೆ ಹೆಚ್ಚು ಪ್ರಿಯವಾದದ್ದೂ ಇದೇ. ಆದರ, ಶ್ರದ್ಧೆ ಎಂದು ಪಂಡಿತರು ಅರ್ಥ ಹೇಳುತ್ತಾರೆ, ಅದು ಸರಿಯೇ. ಆದರೆ ಕನ್ನಡದ ಕಿವಿಗೆ ಸತ್ಕಾರ ಎಂದರೆ ಮೊದಲು ಕೇಳುವುದು ಅತಿಥಿಸತ್ಕಾರ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಬೆಲ್ಲ ನೀರು ಮುಂದಿಡುವುದು. ಇಲ್ಲಿನ ಅರಬರು ಬಂದವರನ್ನು ಕೂರಿಸುವ ದಿವಾನಿಯಾದಲ್ಲೂ ಇದೇ ನಡೆ: ಐದು ನಿಮಿಷಕ್ಕೆಂದು ಬಂದವನಿಗೂ ಖರ್ಜೂರ, ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ. ಅಭ್ಯಾಸ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವ ಅತಿಥಿ ಎಂದುಕೊಂಡರೆ ಎಷ್ಟೋ ಸಂಗತಿ ತಾನಾಗಿ ಸರಿಹೋಗುತ್ತದೆ. ಅತಿಥಿ ಬಂದಾಗ ಫೋನ್ ನೋಡುತ್ತಾ ಕೂರುವುದಿಲ್ಲ, ಅದನ್ನು ಪಕ್ಕದ ಕೋಣೆಯಲ್ಲಿಡುತ್ತೇವೆ. ಚಪ್ಪಲಿಯ ಪಕ್ಕ ಚಾಪೆ ಸುತ್ತಿಡುವುದಿಲ್ಲ. ಮುಖ ತೊಳೆದು, ಹೊಟ್ಟೆ ಖಾಲಿ ಇಟ್ಟುಕೊಂಡು, ಧೂಳಿನ ಗಾಳಿ ಎದ್ದ ದಿನ ಕಿಟಕಿ ಭದ್ರ ಮಾಡಿ, ಏಸಿಯ ತಣ್ಣನೆ ಗಾಳಿ ನೇರವಾಗಿ ಬೆನ್ನಿಗೆ ಬಡಿಯದಂತೆ ತಿರುಗಿ ನಿಲ್ಲುತ್ತೇವೆ. ಅತಿಥಿ ಕೆಲವೊಮ್ಮೆ ಗಂಟೆ ಕೂರುತ್ತಾನೆ, ಕೆಲವೊಮ್ಮೆ ಬಾಗಿಲಲ್ಲೇ ಮಾತಾಡಿ ಹೊರಡುತ್ತಾನೆ. ಎರಡಕ್ಕೂ ಮರ್ಯಾದೆ ಒಂದೇ.

ಮನೆ ಎಂಬ ಮಾತು ಬಂದಾಗ ಕುವೈತ್‌ನದೇ ಒಂದು ಹೆಸರು ಹೇಳಲೇಬೇಕು. ಈ ದೇಶದ ಮೊದಲ ಪರವಾನಗಿ ಪಡೆದ ಯೋಗ ಸ್ಟುಡಿಯೊ 2014ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಶೈಖಾ ಅಲಿ ಅಲ್ ಜಾಬರ್ ಅಲ್ ಸಬಾಹ್ ಅವರಿಗೆ ಭಾರತ ಸರ್ಕಾರ 2025ರಲ್ಲಿ ಪದ್ಮಶ್ರೀ ನೀಡಿತು. ಸ್ಟುಡಿಯೊದ ಹೆಸರು ‘ದಾರಾತ್ಮ’. ಅರಬ್ಬಿಯ ‘ದಾರ್’ ಎಂದರೆ ಮನೆ, ಸಂಸ್ಕೃತದ ‘ಆತ್ಮ’ ನಮಗೆ ಗೊತ್ತಿರುವುದೇ. ಎರಡು ಭಾಷೆ ಕೈ ಹಿಡಿದು ಒಂದು ಪದವಾಗಿವೆ. ಈ ನಂಟು ಹೊಸದೂ ಅಲ್ಲ. ಹನ್ನೊಂದನೇ ಶತಮಾನದಲ್ಲಿ, ಖ್ವಾರಿಜ್ಮ್‌ನಲ್ಲಿ ಹುಟ್ಟಿದ ವಿದ್ವಾಂಸ ಅಲ್ ಬಿರೂನಿ ಪತಂಜಲಿಯ ಸೂತ್ರಗಳನ್ನು ಒಂದು ವ್ಯಾಖ್ಯಾನದ ಸಮೇತ ಅರಬ್ಬಿಗೆ ತಂದ. ಅವನು ಅದನ್ನು ಪ್ರಶ್ನೋತ್ತರದ ರೂಪದಲ್ಲಿ ಬರೆದ, ಕೇಳುವವನೊಬ್ಬ, ಹೇಳುವವನೊಬ್ಬ. ಇಸ್ತಾಂಬುಲ್‌ನಲ್ಲಿ ಉಳಿದುಕೊಂಡಿದ್ದ ಅದರ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸ ಹೆಲ್ಮುಟ್ ರಿಟ್ಟರ್ 1956ರಲ್ಲಿ ಅಚ್ಚು ಮಾಡಿಸಿದರು. ಒಂಟಿಯಾಗಿ ಅಭ್ಯಾಸಕ್ಕೆ ಕೂತವನೊಳಗೂ ಕೇಳುವವನು, ಹೇಳುವವನು ಇಬ್ಬರೂ ಇರುತ್ತಾರಲ್ಲ!

ಕನ್ನಡಿಗರಿಗಂತೂ ಮನೆಯ ಅಭ್ಯಾಸ ಪಿತ್ರಾರ್ಜಿತ ಆಸ್ತಿ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಬಂತು. ಅವರ ಶಿಷ್ಯ, ಹಾಸನದ ಬಳಿಯ ಕೌಶಿಕದವರಾದ ಪಟ್ಟಾಭಿ ಜೋಯಿಸರು 1962ರಲ್ಲಿ ಪ್ರಕಟಿಸಿದ ‘ಯೋಗಮಾಲಾ’ ಕೂಡ ಕನ್ನಡದ ಪುಸ್ತಕವೇ. ಜೋಯಿಸರ ಪಾಠ ಲೋಕದ ತುಂಬಾ ‘ಮೈಸೂರು ಪದ್ಧತಿ’ ಎಂದು ಹೆಸರಾಯಿತು. ಈ ಪದ್ಧತಿಯಲ್ಲಿ ಗುರು ಮುಂದೆ ನಿಂತು ‘ಈಗ ಇದು, ಈಗ ಅದು’ ಎಂದು ಕೂಗುವುದಿಲ್ಲ. ಪ್ರತಿಯೊಬ್ಬನೂ ಆಸನಗಳ ಕ್ರಮವನ್ನು ಬಾಯಿಪಾಠದ ಹಾಗೆ ಮೈಪಾಠ ಮಾಡಿಕೊಂಡು, ತನ್ನ ಉಸಿರಿನ ಲೆಕ್ಕದಲ್ಲಿ ತಾನೇ ನಡೆಸುತ್ತಾನೆ. ಹತ್ತಾರು ಜನ ಒಂದೇ ಕೋಣೆಯಲ್ಲಿದ್ದರೂ ಪ್ರತಿಯೊಬ್ಬನೂ ತನ್ನಷ್ಟಕ್ಕೆ ತಾನಿರುತ್ತಾನೆ. ಆಸನಗಳ ಕ್ರಮ ಮೈಯಲ್ಲಿ ಕೂತಿದ್ದರೆ ಅದನ್ನು ಮೈಸೂರಿನಿಂದ ಕುವೈತ್‌ಗೆ ತರಲು ಸೂಟ್‌ಕೇಸ್ ಬೇಡ. ಹೊಸಬರು ಕೇಳಿದಾಗಲೆಲ್ಲ ನಾನು ಹೇಳುವುದು ಇದೇ. ಊರಿಗೆ ಹೋದಾಗ ಬಲ್ಲವರ ಬಳಿ ಐದಾರು ಆಸನ, ಒಂದು ಸರಳ ಪ್ರಾಣಾಯಾಮ ಸರಿಯಾಗಿ ಕಲಿತು ಬನ್ನಿ. ರಕ್ತದೊತ್ತಡವೋ ಬೆನ್ನಿನ ತೊಂದರೆಯೋ ಇದ್ದರೆ ಅವರಿಗೆ ಮೊದಲೇ ಹೇಳಿ. ಶೀರ್ಷಾಸನದಂಥದ್ದನ್ನು ವಿಡಿಯೊ ನೋಡಿ ಒಬ್ಬರೇ ಮಾಡಹೋಗಬೇಡಿ. ಕಲಿತ ಐದನ್ನೇ ದಿನಾ ಮಾಡಿ.

ಪತಂಜಲಿ ಅಭ್ಯಾಸವನ್ನು ಒಂಟಿಯಾಗಿ ಬಿಟ್ಟಿಲ್ಲ, ಪಕ್ಕದಲ್ಲೇ ವೈರಾಗ್ಯವನ್ನು ಇಟ್ಟಿದ್ದಾನೆ. ಗೀತೆಯಲ್ಲಿ ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಗದು ಎಂದು ಅರ್ಜುನ ಕೈಚೆಲ್ಲಿದಾಗ ಕೃಷ್ಣ ಹೇಳುವ ಉಪಾಯವೂ ಈ ಜೋಡಿಯೇ. ವೈರಾಗ್ಯ ಎಂದ ಕೂಡಲೇ ನಮಗೆ ಕಾವಿಬಟ್ಟೆ ಕಾಣುತ್ತದೆ. ಸಂಬಳ ಕಳಿಸಲೆಂದೇ ಊರು ಬಿಟ್ಟು ಬಂದವರಿಗೆ ಅದೆಲ್ಲಿ ಒಗ್ಗೀತು ಎನಿಸುತ್ತದೆ. ವ್ಯಾಸ ಇದನ್ನು ನೀರಿನ ಚಿತ್ರದಲ್ಲಿ ಹೇಳುತ್ತಾನೆ. ಚಿತ್ತವೆಂಬ ನದಿ ಎರಡೂ ಕಡೆ ಹರಿಯುತ್ತದೆ, ಒಂದು ಒಳಿತಿನ ಕಡೆಗೆ, ಇನ್ನೊಂದು ಕೆಡುಕಿನ ಕಡೆಗೆ. ವೈರಾಗ್ಯ ಒಂದು ಹರಿವಿಗೆ ಕಟ್ಟೆ ಹಾಕುತ್ತದೆ, ವಿವೇಕದ ಅಭ್ಯಾಸ ಇನ್ನೊಂದರ ತೂಬು ಎತ್ತುತ್ತದೆ. ಒಂದೇ ಒಂದು ನದಿಯೂ ಇಲ್ಲದ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ಈ ನಾಡಿನಲ್ಲಿ ನೀರನ್ನು ಎತ್ತ ಹರಿಸುತ್ತೇವೆ ಎಂಬುದು ಎಷ್ಟು ಮುಖ್ಯ ಎಂದು ಎಲ್ಲರಿಗೂ ಗೊತ್ತು. ಬೆಳಗಿನ ನನ್ನ ಅರ್ಧ ಗಂಟೆಯ ಅಭ್ಯಾಸದಲ್ಲಿ ನಾನು ಹಾಕಬೇಕಾದ ಕಟ್ಟೆಗಳು ಚಿಕ್ಕವು. ನಿನ್ನೆ ಇಷ್ಟು ಬಾಗಿದ್ದೆ, ಇವತ್ತೇಕೆ ಇಲ್ಲ ಎಂಬ ಲೆಕ್ಕಕ್ಕೆ ಒಂದು, ಪರದೆಯ ಮೇಲೆ ಕಂಡ ಯಾರದೋ ಬಳುಕುವ ಮೈಯ ಜೊತೆಗಿನ ಹೋಲಿಕೆಗೆ ಇನ್ನೊಂದು, ಮೂರು ತಿಂಗಳಲ್ಲಿ ಮನಸ್ಸು ಶಾಂತವಾಗಿಬಿಡಬೇಕು ಎಂಬ ಆತುರಕ್ಕೆ ಮತ್ತೊಂದು. ಇವನ್ನು ಕಟ್ಟದಿದ್ದರೆ ಅಭ್ಯಾಸವೂ ಇನ್ನೊಂದು ದುಡಿಮೆಯಾಗಿ, ಗುರಿ ಮುಟ್ಟದ ದಿನ ಬೇಸರ ತಂದು, ಕೊನೆಗೆ ನಿಂತುಹೋಗುತ್ತದೆ.

ನಿಲ್ಲುವ ಸಂಗತಿಯೂ ಪತಂಜಲಿಗೆ ಗೊತ್ತಿತ್ತು. ಅವನು ಒಂಬತ್ತು ಅಡ್ಡಿಗಳನ್ನು ಪಟ್ಟಿ ಮಾಡುತ್ತಾನೆ. ಕಾಯಿಲೆ, ಜಡತೆ, ಸಂಶಯ, ಆಲಸ್ಯ ಮೊದಲಾದವು. ಕೊನೆಯ ಎರಡು ನನ್ನ ಎದೆಗೆ ಹತ್ತಿರ. ಒಂದು, ಎಷ್ಟು ಮಾಡಿದರೂ ನೆಲೆ ಸಿಗದಿರುವುದು. ಇನ್ನೊಂದು, ಸಿಕ್ಕ ನೆಲೆಯಲ್ಲಿ ನಿಲ್ಲಲಾಗದಿರುವುದು. ಅಂದರೆ ಜಾರಿಬೀಳುವುದು ಅನರ್ಹತೆಯಲ್ಲ, ಸಾಧಕರ ದಾರಿಯಲ್ಲೇ ಬರುವ ತಿರುವು.

ಪ್ರತಿ ವರ್ಷ ರಜೆಗೆ ಊರಿಗೆ ಹೋದಾಗ ನನ್ನ ಅಭ್ಯಾಸ ತಪ್ಪುತ್ತದೆ. ಮದುವೆ, ನಾಮಕರಣ, ನೆಂಟರ ಮನೆ, ರಾತ್ರಿಯ ಬಸ್ಸು. ತಿಂಗಳ ಮೇಲೆ ಮರಳಿ ಬಂದು ಬಾಗಿಲು ತೆಗೆದರೆ ಕೋಣೆಯ ತುಂಬಾ ಮುಚ್ಚಿದ ಮನೆಯ ವಾಸನೆ. ಕಿಟಕಿಯ ಸಂದಿಯಿಂದ ನುಸುಳಿದ ನಯವಾದ ಧೂಳು ಮಂಚದಡಿಯ ಚಾಪೆಯ ಮೇಲೂ ಕೂತಿರುತ್ತದೆ. ಮೊದಮೊದಲು ಆ ಧೂಳು ಕಂಡು ಮನಸ್ಸು ಕುಗ್ಗುತ್ತಿತ್ತು, ಎಲ್ಲ ಮೊದಲಿನಿಂದ ಎನಿಸುತ್ತಿತ್ತು. ಈಗ ಚೀಲ ಬಿಚ್ಚುವುದಕ್ಕೂ ಮುಂಚೆ ಬಟ್ಟೆ ಒದ್ದೆ ಮಾಡಿ ಚಾಪೆಯನ್ನು ಎರಡೂ ಬದಿ ಒರೆಸಿ, ಒಣಗಲೆಂದು ಕುರ್ಚಿಯ ಬೆನ್ನಿಗೆ ಹಾಕುತ್ತೇನೆ. ಬೆಳಗಿನ ಅಜಾನ್ ಹೊತ್ತಿಗೆ ಅದು ಒಣಗಿರುತ್ತದೆ.